ಮಾರುಕಟ್ಟೆ ಪಾಲು ನಮ್ಮ ಪಾಲಲ್ಲ

ಹೋದ ತಿಂಗಳು ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ನಾಟಕ ನೋಡಿಕೊಂಡು ಹೊರಗೆ ಬಂದೆವು. ನಾವು ಏಳೆಂಟು ಮಂದಿ. ರಾವ್ ತುಲಾರಾಮ್ ಮಾರ್ಗದ ಬದಿಯಲ್ಲಿ ನಿಂತು ಕೆಲವರು ನೋಯ್ಡಾ ಕಡೆಗೆ, ಕೆಲವರು ಗುರುಗ್ರಾಮದ ಕಡೆಗೆ ಕ್ಯಾಬ್ ಕಾಯುತ್ತಿದ್ದೆವು. ನಾಟಕದ ಮಾತು ಐದು ನಿಮಿಷದಲ್ಲಿ ಮುಗಿಯಿತು. ಆಮೇಲೆ ಶುರುವಾದದ್ದು ಎಎಂಡಿ.

"ಸರ್ವರ್‌ನಲ್ಲಿ ಶೇ 40 ಪಾಲು ಬಂದಾಯ್ತು ಗುರು, ಇನ್ನೆರಡು ವರ್ಷಕ್ಕೆ ಇಂಟೆಲ್ ಕತೆ ಮುಗೀತು" ಎಂದರು ಗುರುಗ್ರಾಮದ ಗೆಳೆಯರು. "ಅದು ದುಡ್ಡಿನ ಲೆಕ್ಕದ ಪಾಲು ಮಾರಾಯ್ರೆ. ಚಿಪ್ಪುಗಳನ್ನು ಎಣಿಸಿದರೆ ಕಾಲು ಭಾಗದ ಮೇಲೆ ಸ್ವಲ್ಪ, ಅಷ್ಟೆ" ಎಂದರು ನೋಯ್ಡಾದವರು. ಇಬ್ಬರೂ ಹೇಳಿದ್ದು ಸರಿಯೇ. ಮರ್ಕ್ಯುರಿ ರಿಸರ್ಚ್ ಸಂಸ್ಥೆ 2025ರಲ್ಲಿ ಕೊಟ್ಟ ಲೆಕ್ಕದಲ್ಲಿ ಎರಡೂ ಅಂಕಿ ಇವೆ. ಇಬ್ಬರೂ ಮೊಬೈಲ್ ತೆಗೆದರು, ಗ್ರಾಫ್ ತೋರಿಸಿದರು, ದನಿ ಏರಿಸಿದರು. ನಡುವೆ ಗ್ರೇಟರ್ ನೋಯ್ಡಾದಲ್ಲಿ ಎಂ.ಟೆಕ್. ಓದುತ್ತಿರುವ ಹಾವೇರಿ ಕಡೆಯ ಹುಡುಗನೊಬ್ಬ ಮೆಲ್ಲಗೆ ಕೇಳಿದ: "ಅಣ್ಣಾರ, ಹಂಗಾದ್ರ ನನ್ನ ಸ್ಟೈಪೆಂಡ್ ರೊಕ್ಕದಾಗ ಈಗ ಎಎಂಡಿ ತಗೊಂಡ್ರ ಛಲೋನ ಏನ್ರಿ?"

ಇಷ್ಟು ಹೊತ್ತು ಕಚ್ಚಾಡುತ್ತಿದ್ದ ಇಬ್ಬರೂ ಈ ಒಂದು ವಿಷಯದಲ್ಲಿ ಒಂದಾದರು. "ತಗೋ. ನಿನಗೆ ವಯಸ್ಸಿದೆ." ಒಬ್ಬರು ಈಗಲೇ ತಗೋ ಎಂದರು, ಇನ್ನೊಬ್ಬರು ತ್ರೈಮಾಸಿಕ ಫಲಿತಾಂಶ ನೋಡಿಕೊಂಡು ತಗೋ ಎಂದರು. ನಾನು ಬಾಯಿ ಬಿಡಲಿಲ್ಲ. ಕ್ಯಾಬ್ ಬಂತು, ಹತ್ತಿದೆ. ಅವತ್ತು ಅಲ್ಲಿ ಆಡಬೇಕಿದ್ದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಕರಾರು ಇಷ್ಟು. ಚಿಪ್ ಕಂಪನಿಯ ಮಾರಾಟ ಎಷ್ಟು ಬೆಳೆಯಿತು, ಮಾರುಕಟ್ಟೆ ಪಾಲು ಎಷ್ಟು ಏರಿತು ಎಂದು ನಾವು ಗಂಟೆಗಟ್ಟಲೆ ಮಾಡುವ ವಾದಕ್ಕೂ, ನಮ್ಮ ದುಡ್ಡು ಉಳಿಯುತ್ತದೋ ಮುಳುಗುತ್ತದೋ ಎಂಬ ಪ್ರಶ್ನೆಗೂ ನಾವು ಅಂದುಕೊಂಡಷ್ಟು ಸಂಬಂಧವಿಲ್ಲ. ಕನ್ನಡದಲ್ಲಿ ಎಲ್ಲದಕ್ಕೂ ಪಾಲು ಎಂಬ ಒಂದೇ ಪದ. ಕಂಪನಿಗೆ ಮಾರುಕಟ್ಟೆಯಲ್ಲಿ ಪಾಲು, ನಮಗೆ ಕಂಪನಿಯಲ್ಲಿ ಪಾಲು, ಊರಿನ ತೋಟದಲ್ಲಿ ಪಾಲು. ಪದ ಒಂದಾದ ಮಾತ್ರಕ್ಕೆ ವಸ್ತು ಒಂದಾಗುವುದಿಲ್ಲ. ನಾನು ಇದನ್ನು ಕಲಿತದ್ದು ದುಡ್ಡು ಕೊಟ್ಟು.

ನಾನು ನೋಯ್ಡಾದ ಒಂದು ಚಿಪ್ ವಿನ್ಯಾಸ ಕಂಪನಿಯಲ್ಲಿ ವೆರಿಫಿಕೇಶನ್ ಕೆಲಸದವನು. 2021ರಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟ ಪಾಲಾಯಿತು. ನನ್ನ ಭಾಗವನ್ನು ಚಿಕ್ಕಪ್ಪನ ಮಗನೇ ಇಟ್ಟುಕೊಂಡು 12 ಲಕ್ಷ ಕೊಟ್ಟ. ಆ ವರ್ಷದ ಕೊನೆಗೆ ಅಷ್ಟನ್ನೂ ಡಾಲರ್ ಮಾಡಿ ಎಎಂಡಿ ಷೇರು ಕೊಂಡೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಇಲ್ಲಿರುವ ಒಬ್ಬೊಬ್ಬರೂ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ಹೊರಗೆ ಕಳುಹಿಸಬಹುದು. ನನ್ನದು ಅದರ ಮುಂದೆ ಚಿಲ್ಲರೆ. ಮೊಬೈಲಿನಲ್ಲಿ ಕೂತಲ್ಲೇ ಆಗುವ ಕೆಲಸ. ಒಂದು ಷೇರಿಗೆ ಹೆಚ್ಚುಕಡಿಮೆ 150 ಡಾಲರ್ ಬಿತ್ತು.

ನಾನೇನು ಕಣ್ಣು ಮುಚ್ಚಿ ಕೊಂಡವನಲ್ಲ. 2017ರಲ್ಲಿ ರೈಜನ್ ಮತ್ತು ಎಪಿಕ್ ಬಂದಾಗಿನಿಂದ ಆ ವಿನ್ಯಾಸಗಳನ್ನು ಓದಿದ್ದೆ. ಒಂದು ದೊಡ್ಡ ಚಿಪ್ಪಿನ ಬದಲು ಹಲವು ಸಣ್ಣ ತುಣುಕುಗಳನ್ನು ಜೋಡಿಸುವ ಅವರ ವಿಧಾನ ಯಾಕೆ ಅಗ್ಗ ಎಂದು ನನಗೆ ಗೊತ್ತಿತ್ತು. ತುಣುಕು ಸಣ್ಣದಾದಷ್ಟೂ ದೋಷದಿಂದ ಹಾಳಾಗುವ ಸಿಲಿಕಾನ್ ಕಡಿಮೆ. ಇಂಟೆಲ್ ತನ್ನ 10 ನ್ಯಾನೋಮೀಟರಿನಲ್ಲಿ ವರ್ಷಗಟ್ಟಲೆ ತಡವರಿಸಿ, 2020ರ ಜುಲೈನಲ್ಲಿ 7 ನ್ಯಾನೋಮೀಟರೂ ತಡ ಎಂದು ಒಪ್ಪಿಕೊಂಡಿತ್ತು. ಎಎಂಡಿಗೆ ಟಿಎಸ್‌ಎಂಸಿಯ ಕಾರ್ಖಾನೆ ಇತ್ತು. ಮಾರಾಟ ಬೆಳೆಯುತ್ತದೆ, ಪಾಲು ಏರುತ್ತದೆ ಎಂದು ನಾನು ಹೇಳಿದ್ದೆ. ಎರಡೂ ಹಾಗೆಯೇ ಆದವು. 2022ರಲ್ಲಿ ಎಎಂಡಿಯ ಮಾರಾಟ 1,640 ಕೋಟಿ ಡಾಲರಿನಿಂದ 2,360 ಕೋಟಿ ಡಾಲರಿಗೆ ಹೋಯಿತು. ಶೇ 44ರಷ್ಟು ಏರಿಕೆ. ಸರ್ವರ್ ಚಿಪ್ಪುಗಳಲ್ಲಿ ಅದರ ಪಾಲೂ ಹೆಚ್ಚಿತು.

ಷೇರು? ಅದೇ ವರ್ಷ ಅರ್ಧಕ್ಕಿಂತ ಕೆಳಗೆ ಬಿತ್ತು. ವರ್ಷದ ಮೊದಲಿಗೆ 144 ಡಾಲರ್ ಇದ್ದದ್ದು ವರ್ಷದ ಕೊನೆಗೆ 65 ಡಾಲರ್.

ಆ ಅಕ್ಟೋಬರಿನಲ್ಲಿ ಅಮ್ಮನಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಅಕ್ಟೋಬರ್ 6ರಂದು ಕಂಪನಿ, ಪಿಸಿ ಬೇಡಿಕೆ ಕುಸಿದಿದೆ, ತ್ರೈಮಾಸಿಕದ ಮಾರಾಟ ನಿರೀಕ್ಷಿಸಿದ 670 ಕೋಟಿಯ ಬದಲು 560 ಕೋಟಿ ಡಾಲರ್ ಆಗುತ್ತದೆ ಎಂದು ಮುಂಚಿತವಾಗಿ ಹೇಳಿತು. ಮರುದಿನ ಷೇರು 60 ಡಾಲರಿನ ಕೆಳಗೆ ಬಂತು. ನಾನು ಮಾರಿದ್ದು ಆ ವಾರ. ತೋಟದ 12 ಲಕ್ಷದಲ್ಲಿ ಕೈಗೆ ಬಂದದ್ದು 5 ಲಕ್ಷ ಚಿಲ್ಲರೆ. ಆ ವರ್ಷ ರೂಪಾಯಿ 74ರಿಂದ 82ಕ್ಕೆ ಜಾರಿತ್ತು. ಹಾಗೆ ಜಾರಿದ್ದರಿಂದಲೇ ಅಷ್ಟಾದರೂ ಬಂತು.

ಉಳಿದದ್ದನ್ನು ತಮ್ಮ ಸಾಲ ಮಾಡಿ ಹೊಂದಿಸಿದ. ಅಮ್ಮ ಆರಾಮಾಗಿದ್ದಾರೆ. ತೋಟದ ದುಡ್ಡು ಏನಾಯಿತು ಎಂದು ಅವರಿಗೆ ಇವತ್ತಿಗೂ ನಾನು ಸರಿಯಾಗಿ ಹೇಳಿಲ್ಲ.

ಇದು ನನ್ನೊಬ್ಬನ ದುರದೃಷ್ಟ ಎನ್ನುವವರು ಮುಂದಿನ ಎರಡು ವರ್ಷವನ್ನೂ ನೋಡಬೇಕು. 2023ರಲ್ಲಿ ಎಎಂಡಿಯ ಮಾರಾಟ 2,270 ಕೋಟಿಗೆ, ಅಂದರೆ ಶೇ 4ರಷ್ಟು ಇಳಿಯಿತು. ಷೇರು ಎರಡು ಪಟ್ಟಿಗೂ ಮೇಲೆ ಏರಿ 147 ಡಾಲರಿಗೆ ಬಂತು. 2024ರಲ್ಲಿ ಮಾರಾಟ ಶೇ 14 ಬೆಳೆದು 2,580 ಕೋಟಿ ಆಯಿತು. ಷೇರು ಸುಮಾರು 121 ಡಾಲರಿಗೆ ಇಳಿಯಿತು. ಮೂರು ವರ್ಷ, ಮೂರು ಸಲವೂ ಮಾರಾಟ ಒಂದು ದಿಕ್ಕಿಗೆ, ಷೇರು ಇನ್ನೊಂದು ದಿಕ್ಕಿಗೆ. 2025ರಲ್ಲಿ ಎರಡೂ ಒಟ್ಟಿಗೆ ಏರಿದವು. ಅದನ್ನೂ ಹೇಳಬೇಕು, ಇಲ್ಲದಿದ್ದರೆ ನನಗೆ ಬೇಕಾದ್ದನ್ನು ಮಾತ್ರ ಆರಿಸಿಕೊಂಡಂತೆ ಆಗುತ್ತದೆ. ನಾಲ್ಕು ವರ್ಷದಲ್ಲಿ ಮೂರು ಸಲ ತಪ್ಪು ದಾರಿ ತೋರಿಸಿದ ಕೈಮರವನ್ನು ನಂಬಿ ನಾವು ರಸ್ತೆ ಬದಿಯಲ್ಲಿ ಜಗಳವಾಡುತ್ತಿದ್ದೇವೆ ಎನ್ನುವುದೇ ನನ್ನ ಮಾತು.

ಯಾಕೆ ಹೀಗಾಗುತ್ತದೆ? ಇದರಲ್ಲಿ ಗುಟ್ಟೇನೂ ಇಲ್ಲ. ವಾದ ಮಾಡುವಾಗ ನಾವು ನೋಡದೆ ಬಿಡುವ ಮೂರು ಲೆಕ್ಕಗಳಿವೆ.

ಮೊದಲನೆಯದು ಪಾಲುದಾರರ ಲೆಕ್ಕ. 2022ರ ಫೆಬ್ರುವರಿಯಲ್ಲಿ ಎಎಂಡಿ ಜೈಲಿಂಕ್ಸ್ ಕಂಪನಿಯನ್ನು ಕೊಂಡಿತು. ನಗದು ಕೊಟ್ಟಲ್ಲ, ಹೊಸ ಷೇರು ಹಂಚಿ. ಮೊದಲು ಸುಮಾರು 120 ಕೋಟಿ ಇದ್ದ ಷೇರುಗಳು ಸುಮಾರು 160 ಕೋಟಿಯಾದವು. ಆ ವರ್ಷದ ಮಾರಾಟದ ಹೆಚ್ಚಳದಲ್ಲಿ ಅರ್ಧಕ್ಕಿಂತ ಹೆಚ್ಚು ಜೈಲಿಂಕ್ಸ್‌ನಿಂದ ಬಂದದ್ದು. ನಮ್ಮ ಕಡೆಯ ಯಾವ ಅಜ್ಜಿಗೆ ಬೇಕಾದರೂ ಇದು ಅರ್ಥವಾಗುತ್ತದೆ. ಮನೆಗೆ ಇನ್ನೊಂದು ತೋಟ ಸೇರಿತು, ಜೊತೆಗೆ ಪಾಲು ಕೇಳುವವರೂ ಸೇರಿದರು. ಒಟ್ಟು ಅಡಿಕೆ ಎಷ್ಟು ಮಣ ಹೆಚ್ಚಾಯಿತು ಎಂದು ಊರೆಲ್ಲ ಹೇಳಿಕೊಂಡು ತಿರುಗಬಹುದು. ನನ್ನ ಚೀಲಕ್ಕೆ ಎಷ್ಟು ಬಿತ್ತು ಎನ್ನುವುದು ಬೇರೆ ಲೆಕ್ಕ. ಜೈಲಿಂಕ್ಸ್ ಕೊಂಡ ಖರ್ಚೆಲ್ಲ ಸೇರಿ ಕಂಪನಿಯ ನಿವ್ವಳ ಲಾಭ ಆ ವರ್ಷ 316 ಕೋಟಿಯಿಂದ 132 ಕೋಟಿ ಡಾಲರಿಗೆ ಇಳಿದಿತ್ತು. ಶೇ 44 ಎಂದು ಕುಣಿದ ನಾನು ಇದನ್ನು ನೋಡಲೇ ಇಲ್ಲ. ಈ ಕತೆ ಅಲ್ಲಿಗೇ ಮುಗಿದಿಲ್ಲ. 2025ರ ಅಕ್ಟೋಬರಿನಲ್ಲಿ ಓಪನ್‌ಎಐ ಜೊತೆ ದೊಡ್ಡ ಒಪ್ಪಂದ ಆಯಿತೆಂದು ಒಂದೇ ದಿನ ಷೇರು ಶೇ 20ಕ್ಕೂ ಹೆಚ್ಚು ಜಿಗಿಯಿತಲ್ಲ, ಅದರಲ್ಲಿ ಓಪನ್‌ಎಐಗೆ ಷರತ್ತುಗಳ ಮೇಲೆ 16 ಕೋಟಿ ತನಕ ಎಎಂಡಿ ಷೇರು ಪಡೆಯುವ ಹಕ್ಕು ಕೊಟ್ಟಿದ್ದಾರೆ. ಗಿರಾಕಿಯೇ ಪಾಲುದಾರ.

ಎರಡನೆಯದು ಬೆಲೆಯ ಲೆಕ್ಕ. 2021ರ ಕೊನೆಗೆ ಮಾರುಕಟ್ಟೆ ಎಎಂಡಿಗೆ ಅದರ ವಾರ್ಷಿಕ ಮಾರಾಟದ ಸುಮಾರು 10 ಪಟ್ಟು ಬೆಲೆ ಕಟ್ಟಿತ್ತು. 2022ರ ಕೊನೆಗೆ ಅದು 4 ಪಟ್ಟು ಚಿಲ್ಲರೆ. 2023ರ ಕೊನೆಗೆ ಮತ್ತೆ 10ರ ಆಸುಪಾಸು. ಷೇರು ಸಂಖ್ಯೆ, ಬೆಲೆ, ಮಾರಾಟ ಇಟ್ಟುಕೊಂಡು ಯಾರು ಬೇಕಾದರೂ ಈ ಗುಣಾಕಾರ ಭಾಗಾಕಾರ ಮಾಡಬಹುದು. ಎಎಂಡಿ ಪಾಲು ಏರಿಸಿಕೊಳ್ಳುತ್ತದೆ ಎಂಬ ವಿಷಯ 2021ರಲ್ಲಿ ನನಗೊಬ್ಬನಿಗೆ ಗೊತ್ತಿದ್ದ ಗುಟ್ಟಾಗಿರಲಿಲ್ಲ. ಇಡೀ ಪ್ರಪಂಚಕ್ಕೆ ಗೊತ್ತಿತ್ತು, ಎಲ್ಲರೂ ಅದಕ್ಕೆ ಆಗಲೇ ದುಡ್ಡು ಕೊಟ್ಟಾಗಿತ್ತು. ಮುಂದಿನ ಐದು ವರ್ಷದ ಫಸಲಿಗೆ ಇವತ್ತೇ ಬೆಲೆ ಕೊಟ್ಟು ಚೇಣಿ ಹಿಡಿದವನಿಗೆ ಒಳ್ಳೆ ಫಸಲು ಬಂದರೂ ಲಾಭವಿಲ್ಲ. ಊಹೆಗೂ ಮೀರಿದ ಫಸಲು ಬರಬೇಕು. ತೋಟ ಚೇಣಿಗೆ ಕೊಡುವ ಮನೆಯಲ್ಲೇ ಹುಟ್ಟಿದ ನಾನು ಆ್ಯಪ್ ತೆರೆದಾಗ ಇದನ್ನು ಮರೆತೆ.

ಮೂರನೆಯದು ಪಾಲಿನದೇ ಲೆಕ್ಕ. ಯಾವುದರಲ್ಲಿ ಪಾಲು? ಚಿಪ್ಪಿನ ಸಂಖ್ಯೆಯಲ್ಲೋ, ದುಡ್ಡಿನಲ್ಲೋ ಎಂದು ಅವತ್ತು ಗೆಳೆಯರು ಜಗಳವಾಡಿದರು. ಅದಾದರೂ ಜಾಣ ಜಗಳ. ಇನ್ನೊಬ್ಬ ಗೆಳೆಯನಿದ್ದಾನೆ, ಅವನ ಸಂಶೋಧನಾ ಕೇಂದ್ರ ನೆಹರೂ ಪ್ಲೇಸ್. ಮಗನಿಗೆ ಕಂಪ್ಯೂಟರ್ ಕಟ್ಟಿಸಲು ಹೋಗಿದ್ದವನು, ಹತ್ತು ಅಂಗಡಿಯಲ್ಲಿ ಏಳು ಕಡೆ ರೈಜನ್ ಪೆಟ್ಟಿಗೆಯನ್ನೇ ಮುಂದಿಟ್ಟಿದ್ದರು, ಇಂಟೆಲ್ ಮುಳುಗಿತು ಎಂದು ತೀರ್ಪು ಕೊಟ್ಟ. ನೆಹರೂ ಪ್ಲೇಸಿನಲ್ಲಿ ಬಿಡಿಭಾಗ ಕೊಂಡು ಕಂಪ್ಯೂಟರ್ ಕಟ್ಟಿಸುವವರು ಇಡೀ ಮಾರುಕಟ್ಟೆಯ ಸಣ್ಣ ಮೂಲೆ. ಅವನದೇ ಆಫೀಸು ಸಾವಿರಗಟ್ಟಲೆ ಲ್ಯಾಪ್‌ಟಾಪ್ ಕೊಂಡದ್ದು ನೆಹರೂ ಪ್ಲೇಸಿಗೆ ಹೋಗಿ ಅಲ್ಲ. ಅವುಗಳ ಒಳಗೆ ಯಾವ ಚಿಪ್ ಇದೆ ಎಂದು ಕೇಳಿದೆ. ಅವನು ನೋಡಿರಲಿಲ್ಲ. ಮಾರನೇ ದಿನ ನೋಡಿ ಹೇಳಿದ: ಇಂಟೆಲ್.

ಇನ್ನೊಂದು ಸಂಗತಿ. ಮಾರಾಟ ಎಂದರೆ ಕಂಪ್ಯೂಟರ್ ತಯಾರಕರ ಗೋದಾಮಿಗೆ ಹೋದ ಚಿಪ್. ನಮ್ಮ ಮನೆಗೆ ಬಂದದ್ದಲ್ಲ. ಕೊರೊನಾ ಕಾಲದಲ್ಲಿ ಎಲ್ಲರೂ ಲ್ಯಾಪ್‌ಟಾಪ್ ಕೊಂಡರು, ತಯಾರಕರು ಗೋದಾಮು ತುಂಬಿಸಿಕೊಂಡರು. ಆಮೇಲೆ ಕೊಳ್ಳುವವರು ನಿಂತಾಗ ಗೋದಾಮು ಖಾಲಿಯಾಗುವ ತನಕ ಹೊಸ ಚಿಪ್ ಬೇಡವಾಯಿತು. 2023ರ ಮೊದಲ ತ್ರೈಮಾಸಿಕದಲ್ಲಿ ಎಎಂಡಿಯ ಪಿಸಿ ವಿಭಾಗದ ಮಾರಾಟ ಹಿಂದಿನ ವರ್ಷಕ್ಕಿಂತ ಶೇ 65 ಕುಸಿಯಿತು. ಜನ ಎಎಂಡಿಯನ್ನು ಶೇ 65ರಷ್ಟು ಮರೆತರೆಂದಲ್ಲ. ಗೋದಾಮು ತುಂಬಿತ್ತು, ಅಷ್ಟೆ. ಇಂಥ ಕಾಲದಲ್ಲಿ ಯಾರು ಮೊದಲು ಸರಬರಾಜು ಕಡಿಮೆ ಮಾಡಿದರೋ ಅವರ ಪಾಲು ಇಳಿದಂತೆ ಕಾಣುತ್ತದೆ, ತುಂಬಿದ ಗೋದಾಮಿಗೆ ಇನ್ನೂ ತುರುಕಿದವರ ಪಾಲು ಏರಿದಂತೆ ಕಾಣುತ್ತದೆ.

ಎಲ್ಲಕ್ಕಿಂತ ದೊಡ್ಡ ತಮಾಷೆ ಇದು. ನಾವು ಎಎಂಡಿ, ಇಂಟೆಲ್ ಎಂದು ಒಂದು ಹಲಸಿನ ಹಣ್ಣಿನ ತೊಳೆ ಎಣಿಸುತ್ತಾ ಕೂತಿದ್ದಾಗ ಪಕ್ಕದ ಮರವನ್ನೇ ಎನ್‌ವಿಡಿಯಾ ಹೊತ್ತುಕೊಂಡು ಹೋಯಿತು. 2025ರ ಜನವರಿಗೆ ಕೊನೆಯಾದ ಹಣಕಾಸು ವರ್ಷದಲ್ಲಿ ಅದರ ಮಾರಾಟ 13,050 ಕೋಟಿ ಡಾಲರ್. 2024ರ ಇಂಟೆಲ್ ಮತ್ತು ಎಎಂಡಿ ಎರಡನ್ನೂ ಕೂಡಿಸಿದರೂ 8,000 ಕೋಟಿ ಮುಟ್ಟುವುದಿಲ್ಲ. 2023ರಲ್ಲಿ ಮಾರಾಟ ಇಳಿದರೂ ಎಎಂಡಿ ಷೇರು ಏರಿದ್ದು ಸಿಪಿಯು ಪಾಲಿನಿಂದಲ್ಲ, ತಾನೂ ಎಐ ಚಿಪ್ ಮಾಡುತ್ತದೆ ಎಂಬ ಆಸೆಯಿಂದ. 2024ರಲ್ಲಿ ಆ ಎಐ ಚಿಪ್ಪುಗಳು 500 ಕೋಟಿ ಡಾಲರಿಗೂ ಹೆಚ್ಚು ಮಾರಾಟವಾದಾಗ ಷೇರು ಇಳಿದದ್ದು, ಆಸೆ ಅದಕ್ಕಿಂತ ದೊಡ್ಡದಿತ್ತು ಎಂಬ ಕಾರಣಕ್ಕೆ.

ಈಗ ಎದುರು ವಾದಕ್ಕೆ ಬರುತ್ತೇನೆ. ಅದು ಹಗುರವಾದದ್ದಲ್ಲ. "ದೀರ್ಘಕಾಲ ನೋಡು. 2016ರಲ್ಲಿ ಕೊಂಡವನು ಇವತ್ತು ಎಲ್ಲಿದ್ದಾನೆ? ಮಾರಾಟ ಬೆಳೆಯದೆ ಯಾವ ಷೇರು ಬೆಳೆದಿದೆ? ನೀನೂ 2022ರಲ್ಲಿ ಮಾರದಿದ್ದರೆ 2024ರ ಮೊದಲಿಗೇ ಅಸಲು ಬರುತ್ತಿತ್ತು." ಮಾತು ನಿಜ. 2016ರ ಆರಂಭದಲ್ಲಿ ಎಎಂಡಿ ಷೇರು ಸುಮಾರು 2 ಡಾಲರಿಗೆ ಸಿಗುತ್ತಿತ್ತು. ಆದರೆ ಆಗ ಮಾರುಕಟ್ಟೆ ಪಾಲಿನ ವಾದ ಏನು ಹೇಳುತ್ತಿತ್ತು ಎಂದು ನೆನಪಿಸಿಕೊಳ್ಳಿ. 2015ರಲ್ಲಿ ಅದರ ಮಾರಾಟ ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು ಕುಸಿದು 400 ಕೋಟಿ ಡಾಲರಿಗೆ ಇಳಿದಿತ್ತು, 66 ಕೋಟಿ ಡಾಲರ್ ನಷ್ಟವಾಗಿತ್ತು. ಸರ್ವರ್‌ಗಳಲ್ಲಿ ಅದರ ಪಾಲು ಹೇಳಿಕೊಳ್ಳುವ ಹಾಗೆ ಉಳಿದಿರಲಿಲ್ಲ. ಮುಳುಗುವ ಕಂಪನಿ ಎಂಬ ಮಾತು ಎಲ್ಲ ಕಡೆ ಇತ್ತು. ಮಾರಾಟ ಮತ್ತು ಪಾಲು ನೋಡಿ ಕೊಳ್ಳುವವರು ಆಗ ಅದನ್ನು ಮುಟ್ಟುತ್ತಿರಲಿಲ್ಲ. ಅಂದರೆ ಯಾವ ಉದಾಹರಣೆಯನ್ನು ನನ್ನ ಮುಂದೆ ಹಿಡಿಯುತ್ತೀರೋ, ನಿಮ್ಮ ಅಳತೆಗೋಲು ನಿಮ್ಮನ್ನು ಅದರಿಂದಲೇ ದೂರ ಇಡುತ್ತಿತ್ತು.

ಇಂಟೆಲ್ ಕಡೆಯಿಂದ ನೋಡಿದರೂ ಹಾಗೆಯೇ. 2024ರಲ್ಲಿ ಪಿಸಿ ಚಿಪ್ಪುಗಳಲ್ಲಿ ಮುಕ್ಕಾಲು ಪಾಲು ಹತ್ತಿರ ಅದರದೇ ಇತ್ತು. ಆ ವರ್ಷ ಅದು ಮಾಡಿದ ನಷ್ಟ 1,880 ಕೋಟಿ ಡಾಲರ್. 2025ರಲ್ಲಿ ಪಾಲು ಬಿಟ್ಟುಕೊಡುತ್ತಲೇ ಇತ್ತು, ಆದರೂ ಷೇರು ಮುಕ್ಕಾಲು ಪಾಲಿಗಿಂತ ಹೆಚ್ಚು ಏರಿತು. ಅಮೆರಿಕ ಸರ್ಕಾರ ಆಗಸ್ಟಿನಲ್ಲಿ ಅದರ ಸುಮಾರು ಶೇ 10 ಷೇರು ತೆಗೆದುಕೊಂಡಿತು, ಸೆಪ್ಟೆಂಬರಿನಲ್ಲಿ ಎನ್‌ವಿಡಿಯಾ 500 ಕೋಟಿ ಡಾಲರ್ ಹಾಕುವುದಾಗಿ ಹೇಳಿತು. ಇದನ್ನು ಯಾವ ಮಾರಾಟದ ಗ್ರಾಫ್ ಮುಂಚಿತವಾಗಿ ಹೇಳಿತ್ತು?

"ಮಾರಬಾರದಿತ್ತು" ಎನ್ನುವವರಿಗೆ ನನ್ನ ಉತ್ತರವೇ ಈ ಲೇಖನದ ತಿರುಳು.

ಮಾರುವ ದಿನವನ್ನು ನಾನು ಆರಿಸಲಿಲ್ಲ. ಅಮ್ಮನ ಹೃದಯ ಆರಿಸಿತು. ಊರು ಬಿಟ್ಟು ಎರಡು ಸಾವಿರ ಕಿಲೋಮೀಟರ್ ದೂರ ಬಂದಿರುವ ನಮ್ಮ ದುಡ್ಡಿಗೆ ಒಂದು ಗುಣವಿದೆ. ಅದು ಪೂರ್ತಿ ನಮ್ಮದಲ್ಲ. ಅಪ್ಪ ಜಾರಿ ಬೀಳುತ್ತಾರೆ, ತಂಗಿಯ ಮದುವೆ ಗೊತ್ತಾಗುತ್ತದೆ, ಮನೆಯ ಹೆಂಚು ಹಾರುತ್ತದೆ, ರಾತ್ರೋರಾತ್ರಿ ವಿಮಾನ ಹತ್ತಬೇಕಾಗುತ್ತದೆ. ಚಿಪ್ ಉದ್ಯಮಕ್ಕೆ ಅದರದೇ ಏರಿಳಿತದ ಕಾಲ ಇದೆ, ಮನೆಗೆ ಅದರದೇ ಕಾಲ ಇದೆ. ಎರಡೂ ಒಂದನ್ನೊಂದು ಕೇಳಿ ಬರುವುದಿಲ್ಲ. ದೀರ್ಘಕಾಲ ಇಟ್ಟುಕೋ ಎನ್ನುವುದು ದೀರ್ಘಕಾಲ ಮುಟ್ಟಬೇಕಾಗಿಲ್ಲದ ದುಡ್ಡಿರುವವರ ಉಪದೇಶ.

ನಮ್ಮಂಥವರ ಕಷ್ಟ ಇನ್ನೂ ಒಂದು ಹೆಜ್ಜೆ ಮುಂದಿದೆ. ನೋಯ್ಡಾ, ಗ್ರೇಟರ್ ನೋಯ್ಡಾ, ಗುರುಗ್ರಾಮದಲ್ಲಿ ಚಿಪ್ ಕೆಲಸದಲ್ಲಿರುವ ಕನ್ನಡಿಗರ ಸಂಬಳ ಚಿಪ್ಪಿನಿಂದ. ಬೋನಸ್ಸು ಚಿಪ್ಪಿನಿಂದ. ಆರ್‌ಎಸ್‌ಯು ಎಂದು ಕೊಡುವ ಕಂಪನಿ ಷೇರು ಚಿಪ್ಪಿನದು. ಫ್ಲಾಟಿನ ಇಎಂಐ ಆ ಸಂಬಳದ ಮೇಲೆ ನಿಂತಿದೆ. ಇಷ್ಟರ ಮೇಲೆ ಉಳಿತಾಯವನ್ನೂ ಚಿಪ್ ಷೇರಿಗೆ ಹಾಕುತ್ತೇವೆ, ಯಾಕೆಂದರೆ ನಮಗೆ ಅದು "ಗೊತ್ತು". 2022ರಲ್ಲಿ ಬಿದ್ದದ್ದು ಎಎಂಡಿ ಒಂದೇ ಅಲ್ಲ. ಚಿಪ್ ಕಂಪನಿಗಳ ಫಿಲಡೆಲ್ಫಿಯಾ ಸೂಚ್ಯಂಕ ಆ ವರ್ಷ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು. ನನ್ನ ಎಎಂಡಿ ಬಿದ್ದಾಗಲೇ ನನ್ನ ಆರ್‌ಎಸ್‌ಯು ಬಿತ್ತು, ಅದೇ ತಿಂಗಳು ನಮ್ಮಲ್ಲಿ ನೇಮಕ ನಿಂತಿತು, ಬೋನಸ್ಸಿನ ಮಾತು ಸತ್ತಿತು. ಮೂರು ಜೇಬುಗಳಿವೆ ಎಂದುಕೊಂಡಿದ್ದೆ. ಮೂರೂ ಒಂದೇ ಹರಕು ಅಂಗಿಯಲ್ಲಿದ್ದವು.

2024ರ ಆಗಸ್ಟ್ 1ರಂದು ಇಂಟೆಲ್ ಸುಮಾರು 15,000 ಕೆಲಸ ಕಡಿತ ಮಾಡುವುದಾಗಿಯೂ ಲಾಭಾಂಶ ನಿಲ್ಲಿಸುವುದಾಗಿಯೂ ಒಂದೇ ಸಲ ಹೇಳಿತು. ಮರುದಿನ ಷೇರು ಶೇ 26 ಬಿತ್ತು. ಅಲ್ಲಿ ಹತ್ತು ವರ್ಷ ದುಡಿದು ಸಿಕ್ಕ ಷೇರನ್ನೆಲ್ಲ ಅಭಿಮಾನದಿಂದ ಕಾದಿಟ್ಟುಕೊಂಡ ಎಂಜಿನಿಯರ್‌ಗೆ ಆ ಎರಡು ದಿನ ಹೇಗಿದ್ದಿರಬಹುದು ಎಂದು ಯೋಚಿಸಿ. ಕೆಲಸ ಹೋಗುವ ಭಯ, ಉಳಿತಾಯ ಹೋದ ನೋವು ಎರಡೂ ಒಂದೇ ಬಾಗಿಲಿನಿಂದ ಒಳಗೆ ಬಂದವು.

ಆರ್‌ಎಸ್‌ಯು ಬಗ್ಗೆ ಒಂದು ಮಾತು, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ. ಅದು ವೆಸ್ಟ್ ಆದ ದಿನದ ಬೆಲೆಯನ್ನು ನಿಮ್ಮ ಸಂಬಳಕ್ಕೆ ಸೇರಿಸಿ ತೆರಿಗೆ ಕಡಿಯುತ್ತಾರೆ. ಅಂದರೆ ಅವತ್ತು ನಿಮಗೆ ಬಂದದ್ದು ಸಂಬಳ. ಆಮೇಲೂ ಅದನ್ನು ಷೇರಾಗಿಯೇ ಇಟ್ಟುಕೊಂಡರೆ, ಆ ಸಂಬಳದಿಂದ ಅವತ್ತಿನ ಬೆಲೆಗೆ ನಿಮ್ಮ ಕಂಪನಿಯ ಷೇರನ್ನು ನೀವೇ ಕೊಂಡಂತೆ. ನಗದಾಗಿ ಬಂದಿದ್ದರೆ ಅಷ್ಟನ್ನೂ ಹಾಕಿ ಅದೇ ಷೇರು ಕೊಳ್ಳುತ್ತಿದ್ದಿರಾ? ಇಲ್ಲ ಎಂದಾದರೆ ಯಾಕೆ ಇಟ್ಟುಕೊಂಡಿದ್ದೀರಿ? ನಮ್ಮ ಕೂಟಗಳಲ್ಲಿ ಎಎಂಡಿ ಪಾಲಿನ ದಶಮಾಂಶದ ಬಗ್ಗೆ ಜಗಳವಾಡುವವರು ಈ ಪ್ರಶ್ನೆ ಎತ್ತಿದ್ದನ್ನು ನಾನು ಕೇಳಿಲ್ಲ. ತಮ್ಮ ಅಮೆರಿಕದ ಷೇರುಗಳನ್ನು ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ಬರೆಯಬೇಕು ಎಂಬುದೂ ಎಷ್ಟೋ ಜನಕ್ಕೆ ನೆನಪಿರುವುದಿಲ್ಲ.

ಇಷ್ಟೆಲ್ಲ ತಿಳಿದವರು ಯಾಕೆ ಹೀಗೆ ಮಾಡುತ್ತೇವೆ? ಅಭಿಮಾನ. ಚಿಪ್ಪಿನ ಮೇಲಿನ ಪ್ರೀತಿಯನ್ನು ನಾವು ಷೇರಿನ ಮೇಲಿನ ನಂಬಿಕೆ ಎಂದು ತಪ್ಪು ತಿಳಿಯುತ್ತೇವೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ತೆರೆದಾಗ ನಮಗೆಲ್ಲ ಎದೆ ಉಬ್ಬಿತು, ನಮ್ಮ ಹುಡುಗರು ಮಾಡಿದ ಚಿಪ್ ಎಂದು. ಉಬ್ಬಲಿ. ಆದರೆ ಕ್ರಿಕೆಟ್ ತಂಡಕ್ಕೆ ಕೂಗಿದ ಹಾಗೆ ಎಎಂಡಿ ಪಕ್ಷ, ಇಂಟೆಲ್ ಪಕ್ಷ ಎಂದು ನಿಂತವರಿಗೆ ಈ ದೆಹಲಿಯ ಮನುಷ್ಯನೊಬ್ಬನ ಕತೆ ನೆನಪಿಸುತ್ತೇನೆ. ವಿನೋದ್ ಧಾಮ್ 1971ರಲ್ಲಿ ದೆಹಲಿ ಎಂಜಿನಿಯರಿಂಗ್ ಕಾಲೇಜಿನಿಂದ ಹೊರಬಂದು, ಇದೇ ಊರಿನ ಕಾಂಟಿನೆಂಟಲ್ ಡಿವೈಸಸ್ ಎಂಬ ಸೆಮಿಕಂಡಕ್ಟರ್ ಕಂಪನಿಯಲ್ಲಿ ಕೆಲಸ ಮಾಡಿ, 1975ರಲ್ಲಿ ಅಮೆರಿಕಕ್ಕೆ ಓದಲು ಹೋದರು. ಇಂಟೆಲ್ ಸೇರಿ ಪೆಂಟಿಯಂ ಚಿಪ್ಪಿನ ಹೊಣೆ ಹೊತ್ತರು. ಪೆಂಟಿಯಂನ ಪಿತಾಮಹ ಎಂದು ಜಗತ್ತು ಕರೆಯಿತು. 1995ರಲ್ಲಿ ಇಂಟೆಲ್ ಬಿಟ್ಟು ನೆಕ್ಸ್‌ಜೆನ್ ಎಂಬ ಸಣ್ಣ ಕಂಪನಿಗೆ ಹೋದರು. ಅದನ್ನು ಎಎಂಡಿ ಕೊಂಡಿತು, ನೆಕ್ಸ್‌ಜೆನ್ ವಿನ್ಯಾಸದಿಂದ 1997ರಲ್ಲಿ ಕೆ6 ಬಂತು, ಪೆಂಟಿಯಂಗೇ ಪೈಪೋಟಿ ಕೊಟ್ಟಿತು. ಚಿಪ್ ಮಾಡುವವರಿಗೇ ಇಲ್ಲದ ಪಕ್ಷನಿಷ್ಠೆ ಸ್ಟೈಪೆಂಡ್ ದುಡ್ಡಿನಲ್ಲಿ ಷೇರು ಕೊಳ್ಳುವ ಹುಡುಗನಿಗೆ ಯಾಕೆ ಬೇಕು?

ಅಮೆರಿಕದ ಷೇರು ಬೇಡ, ನಮ್ಮ ದೇಶದ ಚಿಪ್ ಷೇರು ಕೊಳ್ಳೋಣ ಎನ್ನುವವರೂ ಇದ್ದಾರೆ. ಅಲ್ಲಿ ಎಎಂಡಿಯಷ್ಟಾದರೂ ಮಾರಾಟ ಇದೆ. ಇಲ್ಲಿ ಆರ್‌ಆರ್‌ಪಿ ಸೆಮಿಕಂಡಕ್ಟರ್ ಎಂಬ ಕಂಪನಿಯ ಷೇರು 2025ರ ಡಿಸೆಂಬರಿಗೆ ಮುಂಚಿನ 20 ತಿಂಗಳಲ್ಲಿ ಶೇ 55,000ಕ್ಕೂ ಹೆಚ್ಚು ಏರಿತು. ತಾನಿನ್ನೂ ಯಾವ ಸೆಮಿಕಂಡಕ್ಟರ್ ತಯಾರಿಕೆಯನ್ನೂ ಶುರು ಮಾಡಿಲ್ಲ ಎಂದು ಆ ಕಂಪನಿಯೇ ಷೇರು ವಿನಿಮಯ ಕೇಂದ್ರಕ್ಕೆ ಹೇಳಿತ್ತು. ಹೆಸರಿನಲ್ಲಿ ಒಂದು ಪದ ಇದ್ದರೆ ಸಾಕಾಯಿತು. ನಮ್ಮ ಪಕ್ಕದ ಜೇವರ್ ಬಳಿ ಎಚ್‌ಸಿಎಲ್ ಮತ್ತು ಫಾಕ್ಸ್‌ಕಾನ್ ಸೇರಿ ಕಟ್ಟುವ ಚಿಪ್ ಘಟಕಕ್ಕೆ 2025ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಮೇಲೆ ನನಗೆ ಬಂದ ಫೋನುಗಳಲ್ಲಿ ಹೆಚ್ಚಿನವು ಸೈಟ್ ದಲ್ಲಾಳಿಗಳದ್ದು. ಚಿಪ್ ಬರುತ್ತೆ ಸಾರ್, ಪ್ಲಾಟ್ ತಗೊಳ್ಳಿ ಎಂದು.

ಹಾಗಾದರೆ ಚಿಪ್ ಷೇರು ಕೊಳ್ಳಲೇಬಾರದೆ? ನಾನು ಹಾಗೆ ಹೇಳುತ್ತಿಲ್ಲ. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಎನ್ನುತ್ತಿದ್ದೇನೆ. ಕಂಪನಿ ಎಷ್ಟು ಬೆಳೆಯುತ್ತದೆ ಎಂದಲ್ಲ, ಆ ಬೆಳವಣಿಗೆಗೆ ನಾನು ಇವತ್ತು ಎಷ್ಟು ಬೆಲೆ ಕೊಡುತ್ತಿದ್ದೇನೆ. ಒಟ್ಟು ಮಾರಾಟ ಎಷ್ಟು ಎಂದಲ್ಲ, ಒಂದು ಷೇರಿಗೆ ಲಾಭ ಎಷ್ಟು. ಇಂಟೆಲ್ ಪಾಲು ಎಷ್ಟು, ಎಎಂಡಿ ಪಾಲು ಎಷ್ಟು ಎಂದಲ್ಲ, ನನ್ನ ಬದುಕಿನಲ್ಲಿ ಚಿಪ್ಪಿನ ಪಾಲು ಆಗಲೇ ಎಷ್ಟಿದೆ. ಈ ಕೊನೆಯ ಲೆಕ್ಕವನ್ನು ಯಾವ ಸಂಶೋಧನಾ ಸಂಸ್ಥೆಯೂ ಕೊಡುವುದಿಲ್ಲ. ನಾವೇ ಒಂದು ಹಾಳೆ ತೆಗೆದುಕೊಂಡು ಬರೆಯಬೇಕು. ನಾನು ಬರೆದಾಗ ಸಂಬಳವೂ ಸೇರಿ ಹತ್ತರಲ್ಲಿ ಒಂಬತ್ತು ಭಾಗ ಚಿಪ್ ಇತ್ತು. ಈಗ ಆರ್‌ಎಸ್‌ಯು ವೆಸ್ಟ್ ಆದ ವಾರವೇ ಮಾರುತ್ತೇನೆ. ಎರಡು ವರ್ಷದ ಮನೆಖರ್ಚು ಮತ್ತು ಅಮ್ಮನ ಆಸ್ಪತ್ರೆ ಖರ್ಚಿನಷ್ಟು ಬ್ಯಾಂಕಿನಲ್ಲಿದೆ. ಅದಕ್ಕೆ ಬರುವ ಬಡ್ಡಿ ಕಂಡರೆ ನಮ್ಮ ಗುರುಗ್ರಾಮದ ಗೆಳೆಯರು ನಗುತ್ತಾರೆ. ನಗಲಿ.

ಕಳೆದ ಭಾನುವಾರ ಹಾವೇರಿಯ ಆ ಹುಡುಗನಿಗೆ ಫೋನ್ ಮಾಡಿದೆ. ನನ್ನ 12 ಲಕ್ಷದ ಕತೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾರ, ಇದನ್ನ ಅವತ್ತ ರಾತ್ರಿನ ಹೇಳಬಾರದಿತ್ತೇನ್ರಿ?" ಎಂದ.

ಕೊಂಡುಬಿಟ್ಟೆಯಾ ಎಂದು ಕೇಳಿದೆ. ಎರಡು ಷೇರು ಕೊಂಡಿದ್ದನಂತೆ. ಎರಡೇ ತಾನೆ ಎಂದೆ. "ನಮ್ಮಪ್ಪ ಕಳಿಸಿದ್ದ ಮೆಸ್ಸಿನ ರೊಕ್ಕಾನೂ ಅದರಾಗ ಐತ್ರಿ" ಎಂದ.